ಕೊನೆಯ ಮುನ್ನೂರು ಮೀಟರಿನ ಬೇಲಿಯಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಮಲಗಿವೆ. ಅಗಲವಾದ ಖಾಲಿ ರಸ್ತೆಯ ಅಂಚಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹಳೆಯ ಉಣ್ಣೆ ಸ್ವೆಟರನ್ನು ಅಂಗೈಗೆ ಸುತ್ತಿಕೊಂಡು, ಸಾಲಾಗಿ ನಿಂತ ಕಬ್ಬಿಣದ ಬೇಲಿಯ ಮೈಯನ್ನು ಸವರುತ್ತ ನಡೆಯುತ್ತಿದ್ದಾರೆ. ನಡೆಯುತ್ತ ನಡೆಯುತ್ತ ಗಕ್ಕನೆ ನಿಲ್ಲುತ್ತಾರೆ. ಉಣ್ಣೆಯ ಎಳೆಯೊಂದು ಎರಡು ಬೇಲಿಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

"ಏನಯ್ಯಾ, ಬೋಲ್ಟಿನ ಬಾಲ ರಸ್ತೆ ಕಡೆಗಿದೆಯಲ್ಲ! ಕಣ್ಣು ಲಾರೀಲೇ ಬಿಟ್ಟು ಬಂದ್ಯಾ?"

ಲಾರಿಗೆ ಒರಗಿ ಚಹಾ ಕುಡಿಯುತ್ತಿದ್ದ ಮೈದುನ ಲೋಟ ಕೆಳಗಿಟ್ಟು ಓಡಿ ಬರುತ್ತಾರೆ. "ಕತ್ತಲಲ್ಲಿ ಕಾಣಲಿಲ್ಲ ಅತ್ತಿಗೆ."

"ನಂಗೂ ಕಾಣಲಿಲ್ಲ. ಸ್ವೆಟರಿಗೆ ಕಾಣ್ತು ನೋಡು."

ಸೈಕಲ್ ರೇಸಿನ ಬಳಗದಲ್ಲಿ ಇವರನ್ನು ಎಲ್ಲರೂ ಕರೆಯುವುದು ಬೇಲಿಯಕ್ಕ ಎಂದೇ. ಮಧ್ಯಾಹ್ನ ಇದೇ ರಸ್ತೆಯಲ್ಲಿ ವೃತ್ತಿಪರ ಸವಾರರ ರೇಸು ಮುಗಿಯುತ್ತದೆ. ದಿನವಿಡೀ ಒಟ್ಟಿಗೇ ಬಂದ ಗುಂಪು ಕೊನೆಯ ಮುನ್ನೂರು ಮೀಟರಿನಲ್ಲಿ ಹುಚ್ಚುಹೊಳೆಯಾಗುತ್ತದೆ. ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗ, ಭುಜಕ್ಕೆ ಭುಜ, ಮೊಣಕೈಗೆ ಮೊಣಕೈ. ಮುಂದಿರುವವನು ತಾನು ಹಿಡಿದ ದಾರಿ ಬಿಟ್ಟು ಹಿಂದಿನವನಿಗೆ ಅಡ್ಡ ಬರಬಾರದೆಂಬ ನಿಯಮವೇನೋ ಇದೆ. ಆದರೆ ಗೆಲುವು ಕಣ್ಣಿಗೆ ಬಿದ್ದ ಮೇಲೆ ನಿಯಮ ನೆನಪಿಟ್ಟುಕೊಳ್ಳುವವರು ಎಷ್ಟು ಜನ? ಅಡ್ಡ ಬಂದರೆ ಹಿಂದಿನವನಿಗೆ ಉಳಿಯುವುದು ಬೇಲಿಯೊಂದೇ. ಆಗ ಆ ಬೇಲಿ ಹೇಗಿದೆ ಎನ್ನುವುದು ಅವನ ಮೈಮೂಳೆಯ ಪ್ರಶ್ನೆ.

ಈ ಪ್ರಶ್ನೆ ಬೇಲಿಯಕ್ಕನಿಗೆ ಮೊದಲು ಹೊಳೆದಿರಲಿಲ್ಲ. ಗಂಡ ವೆಲ್ಡಿಂಗ್ ಕೆಲಸದವರು. ಸಭೆ, ಸಂತೆಗಳಿಗೆ ಬೇಲಿ ಬಾಡಿಗೆಗೆ ಕೊಡುವುದು ಮನೆಯ ಕಸುಬು. ಎತ್ತಿ ಎತ್ತಿ ಗಂಡನ ಸೊಂಟ ಹಿಡಿದುಕೊಂಡಾಗ ಅವರು ಶೆಡ್ಡಿನಲ್ಲೇ ಉಳಿದರು, ಇವರು ಲಾರಿ ಹತ್ತಿದರು. ರೇಸೊಂದಕ್ಕೆ ಮೊದಲ ಬಾರಿ ಕರೆ ಬಂದಾಗ ಸಂತೆಗೆ ಹಾಕುವ ಬೇಲಿಯನ್ನೇ ಒಯ್ದು ಹಾಕಿದರು. ಅದರ ಕಾಲುಗಳು ಒಂದೊಂದು ಗೇಣು ರಸ್ತೆಗೆ ಚಾಚಿಕೊಂಡಿದ್ದವು.

"ಟಣ್ ಅಂತ ಒಂದು ಸದ್ದು ಬಂತು. ತಿರುಗಿ ನೋಡಿದ್ರೆ ಹುಡುಗ ಗಾಳೀಲಿದ್ದಾನೆ. ಪೆಡಲ್ಲು ನಮ್ಮ ಬೇಲಿ ಕಾಲಿಗೆ ಸಿಕ್ಕಿತ್ತು," ಎನ್ನುವಾಗ ಅವರ ದನಿ ಇಳಿಯುತ್ತದೆ. "ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಅದೇ ಆಯ್ತು."

ಸಂಜೆ ಕಿತ್ತಳೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಹೆಗಲ ಮೂಳೆ ಮುರಿದಿತ್ತು, ಮುಖದ ಅರ್ಧ ಭಾಗ ಪಟ್ಟಿಯೊಳಗಿತ್ತು. ಬೈಸಿಕೊಳ್ಳಲು ಸಿದ್ಧರಾಗಿಯೇ ಹೋಗಿದ್ದರು. ಹುಡುಗ ಬೈಯಲಿಲ್ಲ. "ಬಿಡಿ ಅಕ್ಕಾ, ಎಲ್ಲಾ ಕಡೆ ಬೇಲಿ ಹೀಗೇ ಇರತ್ತೆ" ಎಂದುಬಿಟ್ಟ.

"ಬೈದಿದ್ರೆ ಎರಡು ದಿನ ಅತ್ತು ಸುಮ್ಮನಾಗ್ತಿದ್ದೆನೇನೋ. ಹೀಗೇ ಇರತ್ತೆ ಅಂದ ನೋಡಿ, ಅದು ಎದೇಲಿ ಕೂತ್ಬಿಡ್ತು."

ಮನೆಗೆ ಬಂದವರೇ ಗಂಡನಿಗೆ ಹೇಳಿದರು: ಈ ಕಾಲುಗಳನ್ನೆಲ್ಲ ಕತ್ತರಿಸಿ. ಗಂಡ ಮೊದಲು ನಕ್ಕರು, ಆಮೇಲೆ ಗೊಣಗಿದರು, ಕೊನೆಗೆ ಕತ್ತರಿಸಿದರು. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಕಿಡಿ ಹಾರಿತು. ಹೊಸ ಬೇಲಿಯ ಕಾಲುಗಳು ಪೂರ್ತಿ ಹಿಂದಕ್ಕೆ ಹೋದವು. ಮುಂಭಾಗಕ್ಕೆ ನುಣುಪಾದ ಹಲಗೆ ಬಂತು. ಮೇಲಿನ ಅಂಚು ಸವಾರನಿಂದ ದೂರಕ್ಕೆ, ಜನರ ಕಡೆಗೆ ವಾಲಿತು. ಪರೀಕ್ಷೆಗೆ ಸಿಕ್ಕವರು ಮೈದುನ. ಹೊಟ್ಟೆಗೂ ಭುಜಕ್ಕೂ ದಿಂಬು ಕಟ್ಟಿಕೊಂಡು, ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದು ಬೇಲಿಗೆ ಒರಗಿದರು. ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತ ಹೋಗಿ, ತುದಿಯಲ್ಲಿದ್ದ ನೀರಿನ ತೊಟ್ಟಿಗೆ ಬಿದ್ದರು.

"ಬೇಲಿ ಮುಗಿದ ಮೇಲೆ ಬಿದ್ದ. ಅದು ಬೇಲಿ ತಪ್ಪಲ್ಲ," ಎಂದು ಬೇಲಿಯಕ್ಕ ಇಂದಿಗೂ ವಾದಿಸುತ್ತಾರೆ. ಮೈದುನ ಪಕ್ಕದಲ್ಲೇ ನಿಂತು ತಲೆ ಚಚ್ಚಿಕೊಳ್ಳುತ್ತಾರೆ.

ಕಳೆದ ವರ್ಷ ಬೇಲಿಗೆ ನಿಜವಾದ ಪರೀಕ್ಷೆ ಬಂತು. ಗೆಲುವಿನ ಗೆರೆ ಇನ್ನೇನು ಬಂತು ಎನ್ನುವಾಗ ಮುಂದಿದ್ದ ಸವಾರ ಬಲಕ್ಕೆ ಸರಿದ. ಹಿಂದಿನವನು ಅವನಿಗೂ ಬೇಲಿಗೂ ನಡುವೆ ಸಿಕ್ಕಿ, ಭುಜದಿಂದ ಬೇಲಿಯನ್ನು ಉಜ್ಜುತ್ತಲೇ ಸಾಗಿದ. ಜನ ಕಿರುಚಿದರು. ಆದರೆ ಅವನು ಬೀಳಲಿಲ್ಲ. ಅರ್ಧ ಚಕ್ರದಷ್ಟು ಹಿಂದೆ ಬಿದ್ದು ಎರಡನೆಯವನಾದ.

ತೀರ್ಪುಗಾರರು ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದಾಗ, ಎರಡನೆಯವನಾದ ಸವಾರ ಸಿಟ್ಟು ತಡೆಯಲಾಗದೆ ಬಂದು ಬೇಲಿಗೆ ಜಾಡಿಸಿ ಒದ್ದ. ಆಚೆ ಬದಿಯಲ್ಲಿ ಬೇಲಿಯಕ್ಕ ಕೂತಿದ್ದರು.

"ಏಯ್! ಅದ್ಯಾಕಪ್ಪ ಒದೀತೀಯಾ? ಅದೇನು ಮಾಡ್ತು ನಿಂಗೆ?"

"ಅವನು ನನ್ನನ್ನ ಇದಕ್ಕೆ ಒತ್ತಿಬಿಟ್ಟ ಅಕ್ಕಾ!"

"ಒತ್ತಿದೋನನ್ನ ಹೋಗಿ ಕೇಳು. ಇದು ನಿನ್ನ ಹಿಡ್ಕೊಂಡಿತ್ತು. ಎಲ್ಲಿ, ಕೈ ತೋರ್ಸು. ಚರ್ಮ ಕಿತ್ತಿದೆಯಾ?"

ಅವನು ತೋಳು ತಿರುಗಿಸಿ ನೋಡಿಕೊಂಡ. ಅಂಗಿಯ ಮೇಲೆ ಬಣ್ಣದ ಗೀರು ಇತ್ತು, ಅಷ್ಟೇ. ಬೇಲಿಯನ್ನು ಉದ್ದಕ್ಕೂ ಒಮ್ಮೆ ನೋಡಿದ. ಅಷ್ಟರಲ್ಲಿ ತೀರ್ಪು ಬಂತು. ಅಡ್ಡ ಬಂದವನನ್ನು ಗುಂಪಿನ ಕೊನೆಗೆ ತಳ್ಳಿ, ಇವನನ್ನೇ ಗೆದ್ದವನೆಂದು ಸಾರಿದರು. ತಂಡದವರು ಕೂಗಿ ಕರೆಯುತ್ತಿದ್ದರೂ ಅವನು ಬಗ್ಗಿ, ಹಲಗೆಯ ಮೇಲೆ ಮೂಡಿದ್ದ ತನ್ನ ಬೂಟಿನ ಗುರುತನ್ನು ಕೈಗವಸಿನಿಂದ ಒರೆಸಿಯೇ ವೇದಿಕೆಗೆ ಹೋದ.

ತೀರ್ಪು ಸರಿಯೋ ತಪ್ಪೋ ಎಂಬ ಜಗಳ ವಾರಗಟ್ಟಲೆ ನಡೆಯಿತು. ಒಬ್ಬರೂ ಬೇಲಿಯ ಸುದ್ದಿ ಎತ್ತಲಿಲ್ಲ. ಬೇಸರವಾಗಲಿಲ್ಲವೇ?

"ಯಾಕೆ ಬೇಸರ? ಅಡುಗೇಲಿ ಉಪ್ಪು ಸರಿಯಾಗಿದ್ರೆ ಉಪ್ಪಿನ ಮಾತು ಯಾರಾಡ್ತಾರೆ?"

ಇಂದಿನ ಓಟವೂ ಮುಗಿಯುತ್ತದೆ. ಐವರು ಒಂದೇ ಸಾಲಿನಲ್ಲಿ ಗೆರೆಯ ಮೇಲೆ ನುಗ್ಗಿದ್ದಾರೆ. ಬೇಲಿಯಕ್ಕ ಅದನ್ನು ನೋಡಿಲ್ಲ. ಜನರ ಕಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು, ಬೇಲಿಗೆ ಬೇಲಿ ಕೂಡಿಸುವ ಹಿಂದಿನ ಕೊಕ್ಕೆಗೆ ಕೈ ಇಟ್ಟುಕೊಂಡಿದ್ದರು. ಸೈಕಲ್ಲುಗಳು ಹಾದುಹೋದ ಅದುರು ನಿಂತ ಮೇಲೆಯೇ ಉಸಿರು ಬಿಟ್ಟು ಎದ್ದಿದ್ದಾರೆ. ಯಾರೂ ಬಿದ್ದಿಲ್ಲ.

ಸೊಂಟದಲ್ಲಿ ಸಿಕ್ಕಿಸಿಕೊಂಡ ಫೋನು ಬಡಿದುಕೊಳ್ಳುತ್ತದೆ. ಮನೆಯಲ್ಲಿ ಟಿವಿ ಮುಂದೆ ಕೂತ ಅತ್ತೆ.

"ಯಾರು ಗೆದ್ರು ಅತ್ತೆ?"

"ಯಾರೋ ಒಬ್ಬ, ಬಿಡೇ. ಬೇಲಿ ಎಷ್ಟು ನೆಟ್ಟಗೆ ಕಾಣ್ತಿತ್ತು ಅಂತೀಯಾ! ಒಂದೇ ಒಂದು ಕಡೆ ಯಾರೋ ಬಟ್ಟೆ ನೇತುಹಾಕಿದ್ರು ಕಣೇ, ನೀನು ನೋಡಬಾರದಾ?"

"ನೋಡಿದೆ ಅತ್ತೆ. ಸೈಕಲ್ಲುಗಳು ಬರೋ ಮುಂಚೆ ತೆಗೆಸಿದೆ."

ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಬೇಲಿಯಕ್ಕ ನಗುತ್ತಾರೆ. "ಎಂಬತ್ತು ದಾಟಿದೆ, ಕಣ್ಣು ಮಂಜು. ಸವಾರರು ಕಾಣಲ್ಲ ಅವರಿಗೆ, ನನ್ನ ಬೇಲಿ ಮಾತ್ರ ಕಾಣತ್ತೆ," ಎಂದು ಹೇಳಿ, ಮೊದಲ ಕೊಕ್ಕೆ ಬಿಚ್ಚಲು ಬಗ್ಗುತ್ತಾರೆ.