ಬೆಳ್ಳಿ ಬಣ್ಣದಡಿಯ ಆಂಟೆನಾ

ಆಫೀಸಿನವರೆಲ್ಲ ಅವಳನ್ನು ತಗಡಕ್ಕ ಅಂತಲೇ ಕರೆಯುತ್ತಿದ್ದರು. ಕರೆಯದೆ ಇನ್ನೇನು? ಇಡೀ ದಿನ ಬ್ಲೇಡು ಹಿಡಿದು ಬೆರಳುದ್ದದ ತಾಮ್ರದ ತಗಡು ಕೊರೆಯುವುದೇ ಅವಳ ಕೆಲಸ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲಿ ಅಡಗಿ ಕೂತು ವೈಫೈ ಹಿಡಿಯುವ ಆಂಟೆನಾ ಅದು. ಕೂದಲೆಳೆಯಷ್ಟು ಹೆಚ್ಚು ಕತ್ತರಿಸಿದರೂ ಕೆಟ್ಟಿತು, ಮತ್ತೆ ಮೊದಲಿಂದ ಶುರು. ಹೀಗೇ ಎರಡು ವರ್ಷ. "ಬೆರಳಿಗೆಲ್ಲ ಬ್ಯಾಂಡೇಜು! ಅದ್ಯಾವ ಸೀಮೆ ಇಂಜಿನಿಯರಮ್ಮ ನೀನು?" ಅಂತ ಮನೆಯಲ್ಲಿ ಅತ್ತೆ ರೇಗಿಸುತ್ತಿದ್ದರು.

ಕೊನೆಗೂ ಆಂಟೆನಾ ಅವಳ ಮಾತು ಕೇಳಿತು. ಆಗ ಮ್ಯಾನೇಜರ್ ಮಹಾಶಯ ಏನು ಮಾಡಿದ ಅಂತೀರಿ? ಆಂಟೆನಾದ ನಕ್ಷೆಯ ಮೂಲೆಯಲ್ಲಿ, 'ರೂಪಿಸಿದವರು' ಅನ್ನುವ ಕಡೆ, ಅವಳ ಹೆಸರು ಅಳಿಸಿ ತನ್ನದು ಹಾಕಿಕೊಂಡ! ಪೇಟೆಂಟ್ ಅರ್ಜಿಗೂ ಅದೇ ಹೆಸರು ಹೋಗುವುದಿತ್ತು. ಮೀಟಿಂಗಿನಲ್ಲಿ ಅವಳು ಎದ್ದು ನಿಂತರೆ, "ಬಾಯ್ಮುಚ್ಕೊಂಡು ಕೂತ್ಕೊಳಮ್ಮ, ದೊಡ್ಡವರು ಮಾತಾಡ್ತಿದ್ದೀವಿ" ಅಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಾಳು, ನಿನಗೆ ಮಾಡ್ತೀನಿ ಅಂದುಕೊಂಡು ಕೂತಳು.

ಅದೇ ಮೀಟಿಂಗಿನಲ್ಲಿ ಆ ಪುಣ್ಯಾತ್ಮ, ಮುಚ್ಚಳಕ್ಕೆ ಫಳಫಳ ಹೊಳೆಯುವ ಬೆಳ್ಳಿ ಬಣ್ಣ ಬಳಿಯಿರಿ ಅಂತ ಅಪ್ಪಣೆ ಕೊಟ್ಟ. ಆ ಬಣ್ಣದ ತುಂಬ ಲೋಹದ ಪುಡಿ. ಬಳಿದರೆ ಆಂಟೆನಾ ಕಿವುಡಾಯಿತು ಅಂತಲೇ ಲೆಕ್ಕ. ಕೊರೆದವಳಿಗೆ ಅದು ಆ ಕ್ಷಣವೇ ಹೊಳೆಯಿತು, ಕದ್ದವನಿಗೆ ಎಲ್ಲಿಂದ ಹೊಳೆಯಬೇಕು? ಮೂರು ವಾರ ಅವಳು ತುಟಿ ಪಿಟಕ್ಕೆನ್ನಲಿಲ್ಲ. ನಿದ್ದೆ ಮಾತ್ರ ಸೊಗಸಾಗಿ ಬರುತ್ತಿತ್ತು.

ಪ್ರದರ್ಶನದ ದಿನ ಕಂಪನಿಯ ಯಜಮಾನಿ ಖುದ್ದಾಗಿ ಬಂದು ಲ್ಯಾಪ್‌ಟಾಪ್ ತೆರೆದರು. ಸಿಗ್ನಲ್ ಸೊನ್ನೆ. ಮ್ಯಾನೇಜರ್ ಅದನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಕಿಟಕಿಯ ಹತ್ತಿರ ಎತ್ತಿ ಹಿಡಿದ. ಊಹೂಂ.

"ರೂಪಿಸಿದವರು ನೀವೇ ತಾನೆ? ಸರಿ ಮಾಡಿ," ಅಂದರು ಯಜಮಾನಿ.

ಏನಂತ ಸರಿ ಮಾಡ್ತಾನೆ, ಅವನ ತಲೆ! ತಗಡಕ್ಕನ ಕಡೆ ನೋಡಿ ಹಲ್ಲು ಕಿರಿದ. ಅವಳು ನಿಧಾನಕ್ಕೆ ಎದ್ದು ಬಂದು ನಕ್ಷೆಯನ್ನು ಅವನ ಮುಂದೆ ಹರಡಿ ಪೆನ್ನು ಇಟ್ಟಳು. "ಮೊದಲು ಹೆಸರು ಸರಿ ಮಾಡಿ ಸಾರ್."

ಎಲ್ಲರ ಎದುರಿಗೆ, ತನ್ನ ಕೈಯಾರೆ, ಅವನು ತನ್ನ ಹೆಸರು ಹೊಡೆದು ಅವಳದ್ದು ಬರೆದ. ಅವಳು ಪೂರ್ತಿ ಓದಿ ನೋಡಿ, ಆಮೇಲೆ ಬ್ಲೇಡು ತೆಗೆದು ಅಂಚಿನ ಬಣ್ಣವನ್ನು ಎರಡು ಬೆರಳಗಲ ಕೆರೆದಳು. ಸಿಗ್ನಲ್ ಭರ್ತಿ.

"ಮೊದಲೇ ಗೊತ್ತಿತ್ತಾ ನಿಂಗೆ? ಯಾಕೆ ಹೇಳ್ಲಿಲ್ಲ?" ಅವನು ಹಲ್ಲು ಕಡಿದ.

"ಬಾಯ್ಮುಚ್ಕೊಂಡು ಕೂತ್ಕೋ ಅಂದಿದ್ರಲ್ಲ ಸಾರ್," ಅಂದಳು. "ಕೂತಿದ್ದೆ."