ಯಾರೂ ಮುಟ್ಟದ ಓಟಗಾರ್ತಿ

೧೯೬೨ರಲ್ಲಿ ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಮುಂಬಯಿ ಸರಕಾರ ನನ್ನನ್ನು ನೇಮಿಸಿ, ರಾಜ್ಯಗಳನ್ನು ಹಂಚುವಾಗ ಮೈಸೂರು ಸರಕಾರಕ್ಕೆ ಬಿಟ್ಟುಕೊಟ್ಟಿತ್ತು. ಎರಡೂ ಘನ ಸರಕಾರಗಳು ಸೇರಿ ನನಗೆ ದಯಪಾಲಿಸಿದ ಕ್ರೀಡಾಸಾಮಗ್ರಿಯೆಂದರೆ ಒಂದು ಸೀಟಿ. ಸೀಟಿಯೊಂದರಿಂದಲೇ ಆಡಿಸಬಹುದಾದ ಆಟ ಖೋ-ಖೋ. ಹಾಗಾಗಿ ನಾನು ಖೋ-ಖೋ ತಜ್ಞನಾದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ, ಒಬ್ಬರು ಆಚೆ ಮುಖ ಒಬ್ಬರು ಈಚೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಅಟ್ಟುತ್ತಾಳೆ. ಅವಳು ಆ ಸಾಲನ್ನು ನಡುವೆ ದಾಟುವಂತಿಲ್ಲ, ಕಂಬ ಸುತ್ತಿಯೇ ಆಚೆ ಹೋಗಬೇಕು; ಹಿಂದೆ ತಿರುಗುವಂತಿಲ್ಲ. ಕುಳಿತವಳ ಬೆನ್ನು ತಟ್ಟಿ 'ಖೋ' ಎಂದು ಅವಳನ್ನು ಎಬ್ಬಿಸಬಹುದು, ಅಷ್ಟೆ. ಓಡುವವಳಿಗೆ ಈ ಕಟ್ಟುಗಳಿಲ್ಲ. ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವಳ ಕೈ ಮೈಗೆ ತಾಗಿದರೆ ಮಾತ್ರ ಔಟ್.

ಮನ್ಮನೆಯಿಂದ ಬರುತ್ತಿದ್ದ ಭಾಗೀರಥಿಯ ಮೈಗೆ ಯಾರ ಕೈಯೂ ತಾಗುತ್ತಿರಲಿಲ್ಲ. ಅಂಥ ಹುಡುಗಿಯನ್ನು ನಾನು ಮುಂದೆಯೂ ಕಾಣಲಿಲ್ಲ. ರಾಷ್ಟ್ರೀಯ ಪಂದ್ಯಕ್ಕೆ ಹೋಗುವ ರಾಜ್ಯ ತಂಡಕ್ಕಾಗಿ ಶಿರಸಿಯಲ್ಲಿ ಆಯ್ಕೆ ನಡೆಯುತ್ತದೆಂದು ತಿಳಿದಾಗ ಅವಳ ಅಪ್ಪನ ಹತ್ತಿರ ಹೋದೆ. ಅವರು ಯೋಚಿಸಿ ತೀರ್ಪು ಕೊಟ್ಟರು:

"ಟೀಮಿಗೆ ತಗಂಡ್ರೆ ಆಡ್ಲಿ ಮಾಸ್ತರ್ರೆ, ಶಾಲೆಗೂ ಹೋಗ್ಲಿ. ಇಲ್ದಿದ್ರೆ ವೈಶಾಖಕ್ಕೆ ಮದುವೆ. ಆಮೇಲೆ ನಿಮ್ಮ ಸೀಟಿ ತಗಂಡು ಈ ಬದಿಗೆ ಬರದು ಬ್ಯಾಡ."

ಶಿರಸಿಯಲ್ಲಿ ನಮ್ಮ ಶಾಲೆಯ ತಂಡದ ಹುಡುಗಿಯರ ವಸತಿ ನನ್ನ ಅಕ್ಕನ ಮನೆಯಲ್ಲಿ. ಆಯ್ಕೆಗೆಂದೇ ಬಂದಿದ್ದ ಬನವಾಸಿ ಕಡೆಯ ನೀಲವ್ವನೂ ಬೇರೆಲ್ಲೂ ಜಾಗ ಸಿಗದೆ ನಮ್ಮ ಜೊತೆ ಸೇರಿದಳು. ಲಿಂಗವಂತರ ಮನೆಯ ಹುಡುಗಿ; ನನ್ನ ಅಕ್ಕನ ಮಡಿಯ ಪ್ರಕಾರ ಅವಳಿಗೆ ರಾತ್ರಿಯ ಊಟ ಹೊರಜಗಲಿಯಲ್ಲಿ, ಒಬ್ಬಳಿಗೇ.

ಆಯ್ಕೆಯ ದಿನ ಬೆಳಿಗ್ಗೆ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು, ಹುಡುಗಿಯರಿಗೆಲ್ಲ ಕೇಳುವಂತೆ ಕರೆದಳು.

"ತಮ್ಮಾ, ಭಾಗೀರಥಿ ಹೊರಗಾಯ್ದು. ಅದ್ನ ಮುಟ್ಟಿದವೆಲ್ಲಾ ಮಿಂದು, ಬಟ್ಟೆ ಹಿಂಡೇ ಒಳಗೆ ಬರವು. ಈಗ್ಲೇ ಹೇಳಿದ್ದಿ."

ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳು ಯಾರನ್ನೂ ಮುಟ್ಟದೆ ದೂರ ಇರುವ ಕಟ್ಟಳೆ ಅದು. ನಮ್ಮ ಹುಡುಗಿಯರ ಬಳಿ ಇದ್ದದ್ದು ಮೈಮೇಲಿನ ಒಂದೇ ಜೊತೆ ಯೂನಿಫಾರ್ಮು. ಡ್ರಿಲ್ ಮಾಸ್ತರನ ತರಬೇತಿಯಲ್ಲಿ ಈ ಪ್ರಕರಣಕ್ಕೆ ಪಾಠವಿರಲಿಲ್ಲ. ಜಗಲಿಯ ಮೂಲೆಯಲ್ಲಿ ಕುಳಿತಿದ್ದವಳನ್ನು, ಗೋಡೆಯತ್ತ ನೋಡುತ್ತ ಕೇಳಿದೆ:

"ಓಡ್ತ್ಯನೇ ಕೂಸೆ?"

"ಓಡ್ತೆ ಮಾಸ್ತರ್ರೆ. ಮುಟ್ಟಿಸ್ಕಳ್ದೇ ಇದ್ರೆ ಆತಲ್ದಾ?"

ಹೌದಲ್ಲ! ಖೋ-ಖೋ ನಿಯಮವೂ ಅಕ್ಕನ ನಿಯಮವೂ ಹೇಳುವುದು ಒಂದೇ. ಸಮಸ್ಯೆ ಬಗೆಹರಿಯಿತೆಂದು ನಾನು ಎರಡು ದೋಸೆ ಹೆಚ್ಚಿಗೆ ತಿಂದೆ.

ಆಯ್ಕೆಗೆ ಬೆಂಗಳೂರಿನಿಂದ ಬಂದವರು ಇಸ್ತ್ರಿ ಮಾಡಿದ ಚಡ್ಡಿಯ ಒಬ್ಬ ಸಜ್ಜನರು. ಅವರು ಒಬ್ಬೊಬ್ಬಳನ್ನೇ ಓಡಿಸಿ, ಅಟ್ಟಲು ಅವಳ ಶಾಲೆಯವರನ್ನೇ ಕೂರಿಸುತ್ತಿದ್ದರು. ನಮ್ಮಲ್ಲಿ ಒಬ್ಬಳು ಕಡಿಮೆಯಿದ್ದುದರಿಂದ ಸಾಲಿನ ಕೊನೆಗೆ ನೀಲವ್ವ ಕುಳಿತಳು. ಸೀಟಿ ಊದಿದರು. ಭಾಗೀರಥಿ ಬಾಣದಂತೆ ಹೊರಟಳು. ಅಟ್ಟುವವಳು ಅವಳಿಂದ ಒಂದು ಮಾರು ದೂರದವರೆಗೆ ಹೋಗಿ, ಬಿಸಿ ಬಾಣಲೆ ಕಂಡವಳಂತೆ ನಿಂತು, ಪಕ್ಕದವಳಿಗೆ 'ಖೋ' ಕೊಟ್ಟಳು. ಅವಳೂ ಹಾಗೆಯೇ. ಭಾಗೀರಥಿ ಸಾಲಿನ ನಡುವೆ ನುಸುಳಿದರೆ ಕುಳಿತವರು ಸ್ಕರ್ಟು ಎಳೆದುಕೊಂಡು ದಾರಿ ಬಿಡುತ್ತಿದ್ದರು. ಆಮೇಲೆ ಓಡುವ ಅಗತ್ಯವೇ ಉಳಿಯಲಿಲ್ಲ. ಅವಳು ಮೈದಾನದ ಮಧ್ಯೆ ನಿಂತುಬಿಟ್ಟಳು.

"ಏನ್ರೀ ಮೇಷ್ಟ್ರೇ, ಆಟಾನಾ ಆರತಿನಾ ಇದು? ಇವಳನ್ನ ಆರಿಸ್ಬೇಕು ಅಂತ ಎಲ್ಲರಿಗೂ ಹೇಳ್ಕೊಟ್ಟು ಕರ್ಕೊಂಡ್ ಬಂದಿದೀರಾ?"

ರೇಗಿದ ಆಯ್ಕೆಗಾರರ ಕಿವಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕೆಂಪಾಗಿ, ಸ್ಟಾಪ್‌ವಾಚನ್ನು ಜೇಬಿಗೆ ಹಾಕಿ, ಮತ್ತೆ ಹೊರತೆಗೆದರು.

"ಛೆ ಛೆ, ಅದನ್ನೆಲ್ಲ ನನಗ್ಯಾಕ್ರೀ ಹೇಳ್ತೀರಾ? ಯಾರೂ ಅಟ್ಟದೇ ಇರೋಳ ಓಟ ನಾನು ಹೇಗ್ರೀ ಅಳೀಲಿ?"

ನ್ಯಾಯವಾದ ಪ್ರಶ್ನೆ. ಸಾಲಿನ ಕೊನೆಯಿಂದ ನೀಲವ್ವ ಎದ್ದಳು.

"ನಮ್ಮ ಮನ್ಯಾಗ ಆ ಪದ್ಧತಿ ಇಲ್ರಿ ಸರ. ನಾ ಮುಟ್ತೀನಿ, ಬಿಡ್ರಿ."

ಒಬ್ಬಳೇ ಅಟ್ಟಬೇಕು, 'ಖೋ' ಕೊಟ್ಟರೆ ಎದ್ದವರು ಮುಟ್ಟುವವರಲ್ಲ. ಅಂಥವಳ ಕೈಯಿಂದ ತಪ್ಪಿಸಿಕೊಳ್ಳುವುದು ಭಾಗೀರಥಿಗೆ ಉಸಿರಾಡಿದಷ್ಟು ಸುಲಭ. ಸಾಲಿನ ನಡುವೆ ಒಮ್ಮೆ ನುಸುಳಿದರೆ ಮುಗಿಯಿತು. ಅವಳು ನುಸುಳಲಿಲ್ಲ. ನೀಲವ್ವನ ಬದಿಯಲ್ಲೇ ಉಳಿದು, ಮೈದಾನದ ಉದ್ದಕ್ಕೂ, ಕಂಬ ಸುತ್ತಿ, ಮತ್ತೆ ಉದ್ದಕ್ಕೂ ಓಡಿದಳು. ನೀಲವ್ವನ ಬೆರಳು ಬೆನ್ನಿನ ಹತ್ತಿರ ಬಂದಾಗಲೆಲ್ಲ ಮೈ ಬಳುಕಿಸಿ ಜಾರಿದಳು. ಆಯ್ಕೆಗಾರರು ಕುರ್ಚಿಯಿಂದ ಎದ್ದು ನಿಂತರು. ನಾನು ಊದಲು ಏನೂ ಇಲ್ಲದಿದ್ದರೂ ಸೀಟಿ ಕಚ್ಚಿಕೊಂಡಿದ್ದೆ. ಕೊನೆಗೆ ನೀಲವ್ವ ಕಂಬ ಹಿಡಿದು, ಮೈ ಚೆಲ್ಲಿ, ಅವಳ ಭುಜ ಮುಟ್ಟಿದಳು.

"ಭಲೇ!" ಎಂದರು ಆಯ್ಕೆಗಾರರು. ಹೆಸರು ಕೇಳಿ ಬರೆದುಕೊಂಡದ್ದು ಮುಟ್ಟಿದವಳದು.

ಭಾಗೀರಥಿಯನ್ನು ಇನ್ನೊಮ್ಮೆ ಓಡಿಸಿ ನೋಡಿ ಎಂದು ಬೇಡಿಕೊಂಡೆ. "ಔಟ್ ಆದ್ಳಲ್ಲ ಮೇಷ್ಟ್ರೇ" ಎಂದು ಬಹಳ ಮೃದುವಾಗಿ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದಾಗ ಅಕ್ಕ ನೀಲವ್ವನನ್ನೂ ಹೊರಜಗಲಿಯಲ್ಲೇ ತಡೆದು, ಮುಟ್ಟಿ ಬಂದವಳು ಮಿಂದೇ ಉಣ್ಣಬೇಕೆಂದಳು.

"ನಾ ನಿನ್ನೇನೂ ಇಲ್ಲೇ ಉಂಡೇನ್ರಿ ಅಕ್ಕಾರ," ಎಂದು ನೀಲವ್ವ ನಕ್ಕಳು. "ನಿನ್ನೆ ಒಬ್ಬಾಕಿನ ಇದ್ದೆ, ಇವತ್ತ ಜೋಡಿ ಸಿಕ್ತು. ಎರಡೂ ಎಲಿ ಹತ್ರ ಹತ್ರ ಹಾಕ್ರಿ."

ಅಕ್ಕ ಎರಡೂ ಎಲೆ ಹತ್ತಿರ ಹಾಕಿ ಬಡಿಸಿದಳು. ನಾನು ಬಾಗಿಲಲ್ಲಿ ನಿಂತು, ಕೇಳಬಾರದ್ದನ್ನು ಕೇಳಿದೆ.

"ನುಸುಳಿ ಹೋಪಲೆ ಆಗ್ತಿತ್ತಲೇ ಕೂಸೆ, ಎಂತಕ್ಕೆ ಹೋಜಿಲ್ಲೆ?"

ಭಾಗೀರಥಿ ಎಲೆಯಿಂದ ತಲೆ ಎತ್ತಲಿಲ್ಲ.

"ನುಸುಳಿದ್ರೆ ನೀಲವ್ವ ಅಟ್ಟದು ನಿಲ್ತಿತ್ತು, ಮಾಸ್ತರ್ರೆ."

ಅವಳ ಅಪ್ಪ ಮಾತು ತಪ್ಪುವವರಲ್ಲ; ವೈಶಾಖದಲ್ಲಿ ಮದುವೆಯಾಯಿತು. ನೀಲವ್ವ ರಾಷ್ಟ್ರೀಯ ಪಂದ್ಯ ಆಡಿ ಬಂದಳು. ನಾನು ನಿವೃತ್ತಿಯವರೆಗೂ ಅದೇ ಸೀಟಿ ಊದಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಹುಡುಗಿಯೊಬ್ಬಳಿಗೆ ಓಡುವುದನ್ನು ಮಾಸ್ತರ ಕಲಿಸಬಹುದು. ಅವಳನ್ನು ಮನಸಾರೆ ಅಟ್ಟುವವರನ್ನು ಒದಗಿಸುವುದು ಮಾತ್ರ ಅವನ ಕೈಯಲ್ಲಿಲ್ಲ.