ಎಪ್ಪತ್ತೆರಡರಲ್ಲೇ ನಿಂತ ಟ್ಯಾಂಕು

ಇಪ್ಪತ್ತಾರು ವರ್ಷ ಕಂಟ್ರೋಲ್ ಪ್ಯಾನೆಲ್‌ಗಳ ಮುಂದೆ ಕೂತು ನಾನು ಸಂಪಾದಿಸಿದ್ದು ಬಗ್ಗಿದ ಬೆನ್ನು, ದಪ್ಪ ಕನ್ನಡಕ, ಮತ್ತು ಏನೇ ಕೆಟ್ಟರೂ ಮೊದಲು ವೈರಿಂಗ್‌ನವರನ್ನು ಬೈಯುವ ಚಾಳಿ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಹೆಂಡತಿ ಇವತ್ತಿಗೂ ಬೀದಿ ತುದಿಯ ರಿಪೇರಿಯವನನ್ನೇ ಕರೆಯುತ್ತಾಳೆ. “ನಿಮ್ಮ ಕೈಗೆ ಕೊಟ್ರೆ ಮೊದ್ಲು ಡ್ರಾಯಿಂಗ್ ಬರೀತೀರಿ” ಎಂಬುದು ಅವಳ ವಾದ.

ಇಂಥ ನನಗೆ ನಮ್ಮೂರಿನ ಹಳೆಯ ನೀರು ಶುದ್ಧೀಕರಣ ಘಟಕವನ್ನು ಪೂರ್ತಿ ಆಟೊಮ್ಯಾಟಿಕ್ ಮಾಡುವ ಕೆಲಸ ಬಂತು. ಅಲ್ಲಿನ ಹಿರಿಯ ಆಪರೇಟರನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಜ್ವರ ನೋಡುವವರ ಹಾಗೆ ಪಂಪಿನ ಮೇಲೆ ಅಂಗೈ ಇಟ್ಟು ಅದರ ಕಷ್ಟಸುಖ ಹೇಳುತ್ತಿದ್ದರು. ನಾನು ಒಳಗೊಳಗೇ ನಕ್ಕಿದ್ದೆ.

ಚಾಲನೆಯ ದಿನ ಬೆಳಿಗ್ಗೆ ಪರದೆಯ ಮುಂದೆ ನಿಂತು ಅರ್ಧ ಗಂಟೆ ಕೊರೆದೆ.

“ಇನ್ನು ನೀವು ಟ್ಯಾಂಕ್ ಹತ್ತೋದೇ ಬೇಡ ಅಕ್ಕ. ನೀರೆಷ್ಟಿದೆ ಅಂತ ಇಲ್ಲೇ ಕಾಣುತ್ತೆ. ತೀರಾ ಕಮ್ಮಿಯಾದ್ರೆ ಊರಿಗೆ ನೀರು ತಳ್ಳೋ ಪಂಪ್ ತಾನಾಗೇ ನಿಲ್ಲುತ್ತೆ.”

ಪರದೆಯಲ್ಲಿ ಟ್ಯಾಂಕು ಶೇಕಡಾ ಎಪ್ಪತ್ತೆರಡು ತುಂಬಿತ್ತು. ಹನ್ನೊಂದು ಗಂಟೆಗೂ ಎಪ್ಪತ್ತೆರಡು, ಹನ್ನೆರಡಕ್ಕೂ ಎಪ್ಪತ್ತೆರಡು. “ಎಷ್ಟು ಸ್ಥಿರವಾಗಿದೆ ನೋಡಿ!” ಎಂದು ಎದೆಯುಬ್ಬಿಸಿದೆ.

ಅಕ್ಕ ಹುಬ್ಬು ಗಂಟಿಕ್ಕಿದರು. “ಊರೆಲ್ಲ ಬಳಸ್ತಿದ್ರೂ ಒಂದ್ ಹನಿ ಇಳೀಲಿಲ್ವಾ? ಸಾರ್, ಪಂಪ್ ಒಣಗಂಟಲಲ್ಲಿ ಕೂಗ್ತಿದೆ.”

“ನೀರು ಅಳೆಯೋ ಸೆನ್ಸರ್ ಸುಳ್ಳು ಹೇಳಲ್ಲ ಅಕ್ಕ.”

ಅಷ್ಟರಲ್ಲಿ ಹೆಂಡತಿಯ ಫೋನು. “ತಲೆಗೆ ಸೋಪು ಹಚ್ಕೊಂಡಿದೀನಿ, ನಲ್ಲೀಲಿ ಬರೀ ಗಾಳಿ ಬರ್ತಿದೆ. ನೀವೇನಾದ್ರೂ ಮುಟ್ಟಿದ್ರಾ?”

ಅಕ್ಕ ನನ್ನನ್ನು ಕೇಳಲಿಲ್ಲ. ಕೆಂಪು ಗುಂಡಿ ಒತ್ತಿ ಪಂಪು ನಿಲ್ಲಿಸಿ, ಸರಸರನೆ ಏಣಿ ಹತ್ತಿದರು. ನಾನು ಏದುಸಿರು ಬಿಡುತ್ತ ಹಿಂದೆ ಹೋಗಿ ಇಣುಕಿದೆ. ಟ್ಯಾಂಕಿನ ತಳ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು.

ಪಾಪ, ಸೆನ್ಸರಿನದೇನೂ ತಪ್ಪಿರಲಿಲ್ಲ. ಹಿಂದಿನ ವಾರ ಆಫೀಸಿನಲ್ಲಿ ಪ್ರೋಗ್ರಾಂ ಪರೀಕ್ಷಿಸುವಾಗ ಟ್ಯಾಂಕು ಎಲ್ಲಿಂದ ತರಲಿ ಎಂದು ಎಪ್ಪತ್ತೆರಡು ಎಂಬ ಅಂಕಿಯನ್ನು ನಾನೇ ಕೈಯಾರೆ ತುಂಬಿದ್ದೆ. ತೆಗೆಯುವುದನ್ನು ಮರೆತೆ. ಬೆಳಿಗ್ಗೆಯಿಂದ ಅದನ್ನೇ ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನೀರಿಲ್ಲದೆ ಓಡಿದ ಪಂಪಿನೊಳಗೆ ಸೋರಿಕೆ ತಡೆಯುವ ಸೀಲು ಸುಟ್ಟಿತ್ತು. ವರದಿಯಲ್ಲಿ ‘ಕಾರಣ’ ಎಂಬಲ್ಲಿ ‘ಸಂಕೇತ ರವಾನೆಯಲ್ಲಿ ತಾತ್ಕಾಲಿಕ ಅಡಚಣೆ’ ಎಂದು ಗಂಭೀರವಾಗಿ ಬರೆದೆ. ಅಕ್ಕ ಎರಡು ಸಲ ಓದಿದರು.

“ಅಡಚಣೆ ಅಂದ್ರೆ ಯಾರು ಸಾರ್?”

“ನಾನು.”

“ಹಾಗೇ ಬರೀರಿ ಮತ್ತೆ. ಎರಡೇ ಅಕ್ಷರ.”

ಹೊಡೆದು ಹಾಕಿ ಬರೆದೆ. ಆಮೇಲೆ ಮನಸ್ಸು ಹಗುರವಾಯಿತು. ಕೆಲಸವೇನೂ ಹೋಗಲಿಲ್ಲ. ಎರಡು ದಿನ ಅಕ್ಕನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಸೀಲು ಬದಲಿಸಿದೆ. ಯಾರಾದರೂ ಕೈಯಾರೆ ಅಂಕಿ ತುಂಬಿದರೆ ಪರದೆಯ ಮೇಲೆ ಕೆಂಪು ಪಟ್ಟಿ ಬರುವಂತೆಯೂ ಮಾಡಿದೆ.

ಈಗ ಅಕ್ಕ ನಿವೃತ್ತರಾಗಿದ್ದಾರೆ. ಹೊಸ ಘಟಕಗಳಿಗೆ ಹೋದಾಗ ನಾನು ಮೊದಲು ಟ್ಯಾಂಕು ಹತ್ತುತ್ತೇನೆ. “ಸ್ಕ್ರೀನಲ್ಲೇ ಕಾಣುತ್ತಲ್ಲ ಸಾರ್” ಎಂದು ಅಲ್ಲಿನ ಆಪರೇಟರುಗಳು ನಗುತ್ತಾರೆ. ಡಾಕ್ಟರು ವ್ಯಾಯಾಮ ಮಾಡಲು ಹೇಳಿದ್ದಾರೆ ಎಂದುಬಿಡುತ್ತೇನೆ. ನನ್ನ ಹೊಟ್ಟೆ ನೋಡಿ ಎಲ್ಲರೂ ತಕ್ಷಣ ನಂಬುತ್ತಾರೆ.